ಹಾಲಿನ ಕೇಂದ್ರ ಯಾವ ಊರಿಗೆ? ಪೆನ್ಸಿಲ್ ಹಿಡಿದು ನೋಡಿ

ಮಂಡ್ಯ ಸೀಮೆಯಲ್ಲಿ ವಿಶ್ವೇಶ್ವರಯ್ಯ (ವಿ.ಸಿ.) ನಾಲೆಯ ಕವಲೊಂದರ ಏರಿ ಹಿಡಿದು ಐದು ಊರುಗಳಿವೆ ಎಂದುಕೊಳ್ಳಿ. ಒಂದೂರಿನಿಂದ ಇನ್ನೊಂದಕ್ಕೆ ಒಂದೇ ದಾರಿ, ಬಳಸಿ ಬರುವ ದಾರಿಯೇ ಇಲ್ಲ. ಗಣಿತದವರು ಇಂಥ ಜಾಲವನ್ನು ‘ಮರ’ ಎನ್ನುತ್ತಾರೆ. ಇಲ್ಲಿ ಹಾಲಿನ ಶೀತಲ ಕೇಂದ್ರ ಯಾವ ಊರಿಗೆ ಎಂಬ ಜಗಳವನ್ನು ಅರಳಿಕಟ್ಟೆಯಲ್ಲೇ ಬಗೆಹರಿಸಬಹುದು. ಕ್ಯಾನುಗಳೆಲ್ಲ ಸಾಗುವ ಒಟ್ಟು ದೂರ ಎಲ್ಲಿ ಅತಿ ಕಡಿಮೆಯೋ ಆ ಊರಿಗೇ ಕೇಂದ್ರ.

ಮೊದಲು ಚಿತ್ರ ಬರೆಯಿರಿ. ಕ ಊರಿಂದ ಗ ಊರಿಗೆ 3 ಕಿ.ಮೀ., ಟ ಊರಿಂದಲೂ ಗ ಊರಿಗೇ 2 ಕಿ.ಮೀ. ಗ ದಾಟಿ 4 ಕಿ.ಮೀ.ಗೆ ಚ, ಅಲ್ಲಿಂದ 6 ಕಿ.ಮೀ.ಗೆ ಜ. ದಿನದ ಹಾಲಿನ ಕ್ಯಾನು: ಕ 15, ಟ 10, ಗ 20, ಚ 15, ಜ 40. ಒಟ್ಟು 100, ಅರ್ಧ 50.

ಈಗ ತುದಿಯ ಊರೊಂದನ್ನು ಹಿಡಿಯಿರಿ. ಅದರ ಕ್ಯಾನಿನ ಲೆಕ್ಕ ಅರ್ಧಕ್ಕಿಂತ ಕಡಿಮೆಯಿದ್ದರೆ ಪಕ್ಕದೂರಿಗೆ ಸೇರಿಸಿ, ತುದಿಯನ್ನು ಅಳಿಸಿ. ಕ, ಟ ಎರಡೂ ಸೇರಿ ಗ 45 ಆಯಿತು. ಈಗ ಅದೇ ತುದಿ. ಚ ಊರಿಗೆ ಸೇರಿಸಿದರೆ 60. ಅರ್ಧ ದಾಟಿತು, ನಿಲ್ಲಿಸಿ. ಕೇಂದ್ರ ಚ ಊರಿಗೇ. 40 ಕ್ಯಾನಿನ ಜ ಊರಿನವರು ಒಪ್ಪಲಿಕ್ಕಿಲ್ಲ; ಕ್ಯಾನು–ಕಿಲೋಮೀಟರ್ ಗುಣಿಸಿ ಕೂಡಿ ತೋರಿಸಿ. ಚ ಊರಲ್ಲಿ 485, ಗ ಊರಲ್ಲಿ 525, ಜ ಊರಲ್ಲಿ 605.

ಗಮನಿಸಿದಿರಾ? ಊರು ಆರಿಸುವಾಗ ಕಿಲೋಮೀಟರನ್ನು ನಾವು ಮುಟ್ಟಲೇ ಇಲ್ಲ. ಈ ಲೆಕ್ಕದಲ್ಲಿ ನನಗೆ ಅತಿ ಇಷ್ಟವಾದದ್ದೇ ಇದು. ಕೇಂದ್ರವನ್ನು ಜ ಕಡೆಗೆ ಒಂದು ಕಿ.ಮೀ. ಸರಿಸಿದರೆ 40 ಕ್ಯಾನಿಗೆ ದಾರಿ ಉಳಿಯುತ್ತದೆ, 60 ಕ್ಯಾನಿಗೆ ಬೆಳೆಯುತ್ತದೆ. ದೂರ ಎಷ್ಟಿದ್ದರೂ ಹೆಚ್ಚು ಹಾಲಿರುವ ಕಡೆಯೇ ಗೆಲ್ಲುತ್ತದೆ. ಚೀನಾದ ಗಣಿತಜ್ಞ ಹುವಾ ಲುವೊಗೆಂಗ್ 1960ರ ದಶಕದ ಆರಂಭದಲ್ಲಿ ಗೋಧಿ ಒಕ್ಕುವ ಕಣ ಎಲ್ಲಿರಬೇಕೆಂದು ನೋಡಿದ್ದು ಈ ಬಗೆಯ ಲೆಕ್ಕದಿಂದಲೇ. 1971ರಲ್ಲಿ ಅಮೆರಿಕದ ಗಣಿತಜ್ಞ ಗೋಲ್ಡ್‌ಮನ್ ಕೂಡ ಇದನ್ನು ಪ್ರಕಟಿಸಿದರು.

ಆಂಬುಲೆನ್ಸ್ ನಿಲ್ಲಿಸುವ ಜಾಗಕ್ಕೆ ಮಾತ್ರ ಈ ಲೆಕ್ಕ ಬೇಡ. ಅಲ್ಲಿ ಒಟ್ಟು ದೂರವಲ್ಲ, ಕಟ್ಟಕಡೆಯ ಮನೆಯ ದೂರ ಮುಖ್ಯ. ಯಾವುದಾದರೂ ಊರಿಂದ, ಟ ಎನ್ನಿ, ಅತಿ ದೂರದ್ದನ್ನು ಹುಡುಕಿ: ಜ. ಜ ಊರಿಂದ ಅತಿ ದೂರ ಕ, 13 ಕಿ.ಮೀ. ಆ ದಾರಿಯ ನಟ್ಟನಡುವೆ, ಅಂದರೆ ಚ ದಾಟಿ ಗ ಕಡೆಗೆ ಅರ್ಧ ಕಿ.ಮೀ.ನಲ್ಲಿ ನಿಲ್ಲಿಸಿದರೆ ಯಾವ ಊರೂ 6.5 ಕಿ.ಮೀ.ಗಿಂತ ದೂರವಾಗದು.

ನಾಲೆಗೆ ಹೊಸ ಸೇತುವೆ ಬಿದ್ದು ಕ ಮತ್ತು ಜ ನೇರ ಕೂಡಿಕೊಂಡರೆ ಜಾಲ ಮರವಾಗಿ ಉಳಿಯುವುದಿಲ್ಲ. ಆಗ ಎರಡೂ ಉಪಾಯ ಬಿಟ್ಟು, ಪ್ರತಿ ಊರಿನ ದೂರವನ್ನೂ ಅಳೆದು ಲೆಕ್ಕ ಹಾಕಬೇಕು.