ಮನೆ ಬದಲಿಸುವಾಗ ಬೈಬಲ್ ಎಲ್ಲಿಟ್ಟಿರಿ?

ಈಗಿನವರು ಮನೆ ಬದಲಿಸುವುದನ್ನು ನೋಡಿದರೆ ನನಗೆ ಮೈ ಉರಿಯುತ್ತದೆ. ಪ್ಯಾಕರ್ಸ್‌ನವರಿಗೆ ಫೋನ್ ಮಾಡಿ ಕೈಕಟ್ಟಿ ನಿಲ್ಲುತ್ತಾರೆ. ಅವರು ಕಂಡದ್ದನ್ನೆಲ್ಲ ರಟ್ಟಿನ ಪೆಟ್ಟಿಗೆಗೆ ತುರುಕುತ್ತಾರೆ. ನನ್ನ ತಂಗಿ ಮಗಳು ಮಂಗಳೂರಿನಿಂದ ಬೆಂಗಳೂರಿಗೆ ಹೋದಳಲ್ಲ, ಮನೆಯ ದೊಡ್ಡ ಬೈಬಲ್ ಅವಳಿಗೆ ಸಿಕ್ಕಿದ್ದು ಶೂಗಳ ಪೆಟ್ಟಿಗೆಯಲ್ಲಿ! ಅದೂ ಎಷ್ಟೋ ವಾರ ಕಳೆದ ಮೇಲೆ. ಅಲ್ಲಿಯವರೆಗೆ ಕುಟುಂಬ ಪ್ರಾರ್ಥನೆಯ ಕಥೆ ಏನು ಅಂತ ಕೇಳಿದೆ. "ಮೊದಲು ಸೆಟ್ಲ್ ಆಗ್ಲಿ ದೊಡ್ಡಮ್ಮ" ಅಂದಳು. ಮನೆ ಅನ್ನುವುದು ಯಾವತ್ತಾದರೂ ಪೂರ್ತಿ ಸೆಟ್ಲ್ ಆಗುವುದುಂಟಾ?

ಮೊದಲ ರಾತ್ರಿಗೆ ಬೇಕಾದದ್ದು ಒಂದು ಕೈಚೀಲದಲ್ಲಿ ಬೇರೆ ಇರಬೇಕು. ಬೆಂಕಿಪೊಟ್ಟಣ, ಮೇಣದಬತ್ತಿ, ಚಾಕು, ಸೋಪು, ಗಂಜಿಗೆ ಅಕ್ಕಿ, ಒಂದು ಪಾತ್ರೆ. ಇದನ್ನೆಲ್ಲ ಹೇಳಿಕೊಡಬೇಕಾಗಿಲ್ಲ. ಅದೇ ಚೀಲದಲ್ಲಿ ಸಂಗೀತ ಪುಸ್ತಕವೂ ಇರಲಿ, ಅಂದರೆ ಆರಾಧನೆಯಲ್ಲಿ ಹಾಡುವ ಭಕ್ತಿಗೀತೆಗಳ ಪುಸ್ತಕ. ಫೋನಲ್ಲಿ ಇದೆ ಅನ್ನಬೇಡಿ, ಹೊಸ ಮನೆಯಲ್ಲಿ ಚಾರ್ಜರ್ ಯಾವ ಪೆಟ್ಟಿಗೆಯಲ್ಲಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ.

ದೊಡ್ಡ ಬೈಬಲ್ ಮಾತ್ರ ಚೀಲಕ್ಕೂ ಬೇಡ, ಲಾರಿಗೂ ಬೇಡ. ಅದರ ಮೊದಲ ಹಾಳೆಗಳಲ್ಲಿ ಅಜ್ಜನ ಕಾಲದಿಂದ ಹುಟ್ಟು, ದೀಕ್ಷಾಸ್ನಾನ, ಮದುವೆ, ಸಾವು ಎಲ್ಲ ಬರೆದಿರುತ್ತದೆ. ಹೊರಡುವ ಎರಡು ಮೂರು ದಿನ ಮೊದಲೇ ನೆರಳಲ್ಲಿ, ಗಾಳಿ ಆಡುವ ಕಡೆ ತೆರೆದಿಡಿ. ಬಿಸಿಲಿಗೆ ಬೇಡ, ಹಾಳೆ ಸೆಟೆದುಕೊಳ್ಳುತ್ತದೆ. ನಮ್ಮ ಕರಾವಳಿಯ ಥಂಡಿಗೆ ಹಾಳೆಯಲ್ಲಿ ಪಸೆ ಇದ್ದೇ ಇರುತ್ತದೆ, ಹಾಗೇ ಕಟ್ಟಿದರೆ ಬೂಷ್ಟು. ಆಮೇಲೆ ಒಣ ಬ್ರಶ್ಶಿನಿಂದ ಬೆನ್ನಿನ ಸಂದಿ ಗುಡಿಸಿ. ಒಳಗಿಟ್ಟ ಒಣಹೂವು, ರಸೀದಿ, ತಾಳೆಗರಿಯ ಶಿಲುಬೆ ಎಲ್ಲ ತೆಗೆದು ಬೇರೆ ಲಕೋಟೆಗೆ ಹಾಕಿ, ಇಲ್ಲದಿದ್ದರೆ ಹೊಲಿಗೆ ಬಿಟ್ಟುಕೊಳ್ಳುತ್ತದೆ. ಸುತ್ತಲು ತೊಳೆದು ತೊಳೆದು ಮೆತ್ತಗಾದ ಹತ್ತಿ ಸೀರೆಯ ತುಂಡೇ ಆಗಬೇಕು, ಗಂಜಿ ಹಾಕಿದ್ದಲ್ಲ. ನ್ಯೂಸ್‌ಪೇಪರಿನ ಮಸಿ ಹತ್ತುತ್ತದೆ, ಪ್ಲಾಸ್ಟಿಕ್ ಬೆವರುತ್ತದೆ. ಎರಡು ಸುತ್ತು ಸುತ್ತಿ, ಎರಡನೇ ಸುತ್ತಿನ ನಡುವೆ ಗರಿಗರಿಯಾಗಿ ಒಣಗಿದ ಬೇವಿನೆಲೆ ಒಂದು ಹಿಡಿ. ನುಸಿಗುಳಿಗೆ ಇಟ್ಟರೆ ಓದುವಾಗ ವಾಸನೆಗೆ ತಲೆನೋವು ಬರುತ್ತದೆ. ಲಾಡಿಯಿಂದ ಸಡಿಲವಾಗಿ ಕಟ್ಟಿ, ಮಲಗಿಸಿ, ತೊಡೆಯ ಮೇಲಿಟ್ಟುಕೊಂಡು ಹೋಗಿ. ನಿಲ್ಲಿಸಿದರೆ ಘಾಟಿಯ ತಿರುವಿನಲ್ಲಿ ಹಾಳೆಯ ಭಾರಕ್ಕೆ ರಟ್ಟು ಕಿತ್ತುಬರುತ್ತದೆ.

ಉಪ್ಪಿನಕಾಯಿ ಭರಣಿಗೂ ಸ್ವಲ್ಪ ಗಮನ ಕೊಡಿ. ಬಾಯಿಗೆ ಬಟ್ಟೆ ಕಟ್ಟಿ, ಬಕೆಟಿನಲ್ಲಿ ನಿಲ್ಲಿಸಿ, ಸುತ್ತ ಹಳೇ ಟವೆಲ್ ತುರುಕಿ. ಬರೀ ಮುಚ್ಚಳ ನಂಬಿದರೆ ಎಣ್ಣೆ ಎಲ್ಲ ಹಾಸಿಗೆಗೇ.

ಅಪ್ಪ ಮಿಶನ್ ಶಾಲೆಯ ಮೇಷ್ಟ್ರು. ಮೂಲ್ಕಿ, ಉಡುಪಿ ಅಂತ ವರ್ಗ ಆಗುತ್ತಲೇ ಇತ್ತು. ಹೊಸ ಮನೆಯಲ್ಲಿ ಅಮ್ಮ ಗುಡಿಸುವುದು ಒಂದು ಕೋಣೆ ಮಾತ್ರ. ಹಾಸಿಗೆ ಸುರುಳಿಯ ಮೇಲೆ ನಮ್ಮನ್ನು ಕೂರಿಸಿ, ಲಾಟೀನು ಹಚ್ಚಿ, ಕೀರ್ತನೆ 121 ಓದಿಸುತ್ತಿದ್ದಳು. ಹೋಗುವಾಗಲೂ ಬರುವಾಗಲೂ ದೇವರು ಕಾಯುತ್ತಾನೆ ಅನ್ನುವ ಮಾತು ಅದರ ಕೊನೆಗಿದೆ. ಮನೆಯಲ್ಲಿ ನಮ್ಮ ಮಾತು ತುಳು, ಪ್ರಾರ್ಥನೆ ಮಾತ್ರ ಕನ್ನಡ. ತಮ್ಮ ತೂಕಡಿಸುತ್ತಿದ್ದ, ಅಪ್ಪನಿಗೆ ಹಸಿವು. ಆದರೂ ಒಂದು ಸಂಗೀತ ಹಾಡದೆ ಗಂಜಿ ಇಲ್ಲ. ಈಗ ಗೃಹಪ್ರವೇಶದ ಪ್ರಾರ್ಥನೆಗೆ ಸಭಾಪಾಲಕರನ್ನು ಕರೆದು ಬಿರಿಯಾನಿ ಹಾಕಿಸುತ್ತಾರೆ. ಸಂತೋಷ. ಆದರೆ ಅದಕ್ಕೆ ಕಾಯುತ್ತಾ ಮೊದಲ ರಾತ್ರಿಯಿಂದಲೇ ಬಾಯಿ ಮುಚ್ಚಿಕೊಂಡಿರಬೇಕಾ?

ಇನ್ನೊಂದು. ಹೊರಡುವ ಮೊದಲೇ ಹಳೇ ಊರಿನ ಚರ್ಚ್ ಸಭೆಯಿಂದ ಸದಸ್ಯತ್ವದ ವರ್ಗಾವಣೆ ಪತ್ರ ತೆಗೆದುಕೊಳ್ಳಿ, ವಂತಿಗೆ ಬಾಕಿ ಇದ್ದರೆ ಕಟ್ಟಿ. ಮಗನ ದೃಢೀಕರಣ (ಬೆಳೆದ ಮೇಲೆ ಸಭೆಯ ಮುಂದೆ ತನ್ನ ವಿಶ್ವಾಸ ಒಪ್ಪಿಕೊಳ್ಳುವ ವಿಧಿ), ಮಗಳ ಮದುವೆ ಬಂದಾಗ ಕಾಗದಕ್ಕೆ ಊರಿಗೆ ಓಡುವವರನ್ನು ಕಂಡಿದ್ದೇನೆ. ಬೆಂಗಳೂರಲ್ಲಿ ಕನ್ನಡ ಆರಾಧನೆ ಎಲ್ಲಿ ಹುಡುಕುವುದು ಅಂತಲೂ ಸುಮ್ನೆ ನೆಪ ಹೇಳಬೇಡಿ. ಕಾರ್ಪೊರೇಷನ್ ಹತ್ತಿರ ಹಡ್ಸನ್ ಸ್ಮಾರಕ ದೇವಾಲಯ 1904ರಿಂದ ನಿಂತಿದೆ. ದೂರವಾದರೆ ಅಲ್ಲೇ ಕೇಳಿ, ನಿಮ್ಮ ಬಡಾವಣೆಗೆ ಹತ್ತಿರದ್ದು ಹೇಳುತ್ತಾರೆ. ಪತ್ರವನ್ನು ಮೊದಲ ಭಾನುವಾರವೇ ಕೊಟ್ಟುಬಿಡಿ, ಒಂದು ಜೆರಾಕ್ಸ್ ಇಟ್ಟುಕೊಂಡು.