ನೀತಿ ಸಲಹೆಗಾರರ ಕುರ್ಚಿಯಿಂದ ಕಂಪನಿಯ ಆಡಳಿತಕ್ಕೆ: ದಾಟುವ ಮುನ್ನ ಮಾಡಿಕೊಳ್ಳಬೇಕಾದ ಸಿದ್ಧತೆ

ಸರ್ಕಾರದಲ್ಲಿ ನೀತಿ ಸಲಹೆಗಾರರಾಗಿ ದುಡಿದವರು ಉದ್ಯಮದತ್ತ ಹೊರಟಾಗ ಅವರಿಗೆ ಮೊದಲು ಬರುವ ಕರೆ ಸಾಮಾನ್ಯವಾಗಿ ಸರ್ಕಾರಿ ಸಂಪರ್ಕ ನೋಡಿಕೊಳ್ಳುವ ಹುದ್ದೆಗೆ. ಮುಂದೆ ಕಂಪನಿಯನ್ನೇ ನಡೆಸುವ ಗುರಿಯಿದ್ದವರು ಅದನ್ನು ಬಿಟ್ಟು, ಸ್ಥಾನ ಕೆಳಗಿನದಾದರೂ ಸರಿ, ಆದಾಯದ ಅಥವಾ ದೈನಂದಿನ ಕಾರ್ಯನಿರ್ವಹಣೆಯ ಹೊಣೆಯಿರುವ ಕೆಲಸವನ್ನು ಆರಿಸಿಕೊಳ್ಳಬೇಕು. ಫೇಸ್‌ಬುಕ್‌ನ ಮಾಜಿ ಮುಖ್ಯ ಕಾರ್ಯನಿರ್ವಹಣಾ ಅಧಿಕಾರಿ ಶೆರಿಲ್ ಸ್ಯಾಂಡ್‌ಬರ್ಗ್ ಅವರ ವೃತ್ತಿಜೀವನ ಇದಕ್ಕೆ ಒಳ್ಳೆಯ ನಿದರ್ಶನ.

1991ರಲ್ಲಿ ಹಾರ್ವರ್ಡ್‌ನಲ್ಲಿ ಅರ್ಥಶಾಸ್ತ್ರ ಮುಗಿಸಿದ ಅವರು, ಗುರುಗಳಾದ ಲಾರೆನ್ಸ್ ಸಮ್ಮರ್ಸ್ ಅವರೊಂದಿಗೆ ವಿಶ್ವಬ್ಯಾಂಕಿನಲ್ಲಿ ಕೆಲಸ ಮಾಡಿದರು. ಭಾರತದ ಕುಷ್ಠರೋಗ ನಿರ್ಮೂಲನೆಯಂತಹ ಆರೋಗ್ಯ ಯೋಜನೆಗಳೂ ಅದರಲ್ಲಿ ಸೇರಿದ್ದವು. 1995ರಲ್ಲಿ ಎಂಬಿಎ ಪಡೆದು, ಕೆಲಕಾಲ ಮೆಕಿನ್ಸಿ ಎಂಬ ಸಲಹಾ ಕಂಪನಿಯಲ್ಲಿದ್ದು, ಬಳಿಕ ಅಮೆರಿಕದ ಖಜಾನೆ ಇಲಾಖೆಯಲ್ಲಿ, ಅಲ್ಲಿ ಉನ್ನತ ಹುದ್ದೆಯಲ್ಲಿದ್ದ ಸಮ್ಮರ್ಸ್ ಅವರ ಕಚೇರಿಯ ಮುಖ್ಯಸ್ಥರಾದರು. 2001ರ ಆರಂಭದಲ್ಲಿ ಸರ್ಕಾರ ಬದಲಾದಾಗ ಆ ಕೆಲಸ ಮುಗಿಯಿತು.

ಆಗ ಅವರು ತಮಗೆ ಬಂದಿದ್ದ ಹುದ್ದೆಗಳನ್ನೂ ತಮ್ಮ ಮಾನದಂಡಗಳನ್ನೂ ಒಂದು ಎಕ್ಸೆಲ್ ಹಾಳೆಯಲ್ಲಿ ಪಟ್ಟಿ ಮಾಡಿಕೊಂಡಿದ್ದರೆಂದು ಮುಂದೆ ಹೇಳಿಕೊಂಡಿದ್ದಾರೆ. ಗೂಗಲ್ ಕೊಡಲು ಬಂದದ್ದು ವ್ಯವಹಾರ ಘಟಕದ ಜನರಲ್ ಮ್ಯಾನೇಜರ್ ಹುದ್ದೆ. ಆದರೆ ಕಂಪನಿಯಲ್ಲಿ ವ್ಯವಹಾರ ಘಟಕಗಳೇ ಇರಲಿಲ್ಲ, ಹುದ್ದೆಯೂ ಬೇರೆ ಕಂಪನಿಗಳು ಕೊಡಲು ಸಿದ್ಧವಿದ್ದ ಸ್ಥಾನಗಳಿಗಿಂತ ಹಲವು ಮೆಟ್ಟಿಲು ಕೆಳಗಿತ್ತು. ಗೂಗಲ್‌ನ ಆಗಿನ ಮುಖ್ಯಸ್ಥ ಎರಿಕ್ ಶ್ಮಿಟ್ ಆ ಹಾಳೆಯ ಮೇಲೆ ಕೈಯಿಟ್ಟು, ಕಂಪನಿ ಎಷ್ಟು ವೇಗವಾಗಿ ಬೆಳೆಯುತ್ತಿದೆ ಎಂಬುದೊಂದನ್ನೇ ನೋಡಬೇಕೆಂದು ಸಲಹೆ ನೀಡಿದರು. ಸ್ಯಾಂಡ್‌ಬರ್ಗ್ ಗೂಗಲ್ ಸೇರಿ ಆನ್‌ಲೈನ್ ಜಾಹೀರಾತು ಮಾರಾಟವನ್ನು ಕಟ್ಟಿದರು, ಮತ್ತು ಆ ಅನುಭವದ ಬಲದಿಂದಲೇ 2008ರಲ್ಲಿ ಫೇಸ್‌ಬುಕ್‌ನ ಮುಖ್ಯ ಕಾರ್ಯನಿರ್ವಹಣಾ ಅಧಿಕಾರಿಯಾಗಿ 2022ರವರೆಗೆ ಮುಂದುವರಿದರು.

ನೀವೂ ಅಂಥ ಹಾಳೆಯೊಂದನ್ನು ಸಿದ್ಧಪಡಿಸಿಕೊಳ್ಳಿ. ಆದರೆ ಸಂಬಳ, ಪದನಾಮಗಳಿಗಿಂತ ಮೊದಲು, ಆ ಹುದ್ದೆಯಲ್ಲಿ ಯಾವ ಲೆಕ್ಕಕ್ಕೆ ನೀವು ಉತ್ತರ ಕೊಡಬೇಕಾಗುತ್ತದೆ ಎಂಬುದನ್ನು ಬರೆಯಿರಿ. ರೆಸ್ಯೂಮೆಯಲ್ಲಿ ಸಮಿತಿಗಳ ಹೆಸರು ತುಂಬಿಸುವ ಬದಲು, ಸಚಿವರ ಮುಂದೆ ಯಾವ ಪ್ರಶ್ನೆಯಿತ್ತು, ನೀವು ಯಾವ ಆಯ್ಕೆಗಳನ್ನು ಮುಂದಿಟ್ಟಿರಿ, ತೀರ್ಮಾನದ ನಂತರ ಏನು ಬದಲಾಯಿತು ಎಂಬುದನ್ನು ಗೋಪ್ಯತೆ ಕೆಡದಂತೆ ತಿಳಿಸಿ. ಲಾಭ-ನಷ್ಟದ ಪಟ್ಟಿ, ಆಸ್ತಿ-ಹೊಣೆ ಪಟ್ಟಿ ಮತ್ತು ನಗದು ಹರಿವಿನ ಪಟ್ಟಿಯನ್ನು ಯಾರ ನೆರವೂ ಇಲ್ಲದೆ ಓದಲು ಕಲಿಯಿರಿ, ಏಕೆಂದರೆ ಬಜೆಟ್ ಖರ್ಚು ಮಾಡುವುದಕ್ಕೂ ಹಣ ಗಳಿಸುವುದಕ್ಕೂ ಬೇಕಾದ ತಿಳಿವಳಿಕೆ ಬೇರೆ ಬೇರೆ.

ನಿಯಮಗಳನ್ನು ಕಡೆಗಣಿಸಬೇಡಿ. ಭಾರತದಲ್ಲಿ ಐಎಎಸ್ ಮೊದಲಾದ ಅಖಿಲ ಭಾರತ ಸೇವೆಗಳ ಅಧಿಕಾರಿಗಳು ನಿವೃತ್ತಿಯಾದ ಒಂದು ವರ್ಷದೊಳಗೆ ಖಾಸಗಿ ವಾಣಿಜ್ಯ ಉದ್ಯೋಗಕ್ಕೆ ಸೇರಲು ಸರ್ಕಾರದ ಪೂರ್ವಾನುಮತಿ ಪಡೆಯಬೇಕು; ಗುತ್ತಿಗೆಯ ಸಲಹೆಗಾರರು ತಮ್ಮ ಒಪ್ಪಂದದ ಷರತ್ತುಗಳನ್ನು ನೋಡಿಕೊಳ್ಳಬೇಕು.

ನೀತಿಯ ಅನುಭವವುಳ್ಳವರಿಂದ ಜನರು ಹೆಚ್ಚನ್ನೇ ನಿರೀಕ್ಷಿಸುತ್ತಾರೆ, ಅದು ನ್ಯಾಯವೂ ಹೌದು. ಅಮೆರಿಕದ ಚುನಾವಣೆಯಲ್ಲಿ ವಿದೇಶಿ ಹಸ್ತಕ್ಷೇಪದ ವಿಚಾರವಾಗಿ 2018ರ ಸೆಪ್ಟೆಂಬರ್‌ನಲ್ಲಿ ಸೆನೆಟ್ ಸಮಿತಿಯ ಮುಂದೆ ಕುಳಿತು ಫೇಸ್‌ಬುಕ್ ಪರವಾಗಿ ಉತ್ತರಿಸಿದವರು ಸ್ಯಾಂಡ್‌ಬರ್ಗ್ ಅವರೇ. ನಿಮ್ಮನ್ನೂ ಒಂದು ದಿನ ಹೀಗೆ ಪ್ರಶ್ನಿಸಬಹುದು. ಆದ್ದರಿಂದ ನೇಮಕಾತಿ ಪತ್ರಕ್ಕೆ ಸಹಿ ಹಾಕುವ ಮುನ್ನ, ನೀವು ಸರ್ಕಾರದಲ್ಲಿದ್ದಾಗ ನಿರ್ವಹಿಸಿದ ಯಾವ ಯಾವ ಕಡತಗಳ ವಿಷಯದಿಂದ ದೂರವಿರುತ್ತೀರಿ ಎಂಬುದನ್ನು ಕಂಪನಿಯಿಂದ ಲಿಖಿತವಾಗಿ ಒಪ್ಪಿಸಿಕೊಳ್ಳಿ.