ಫೋನ್ ಬ್ಯಾಟರಿಗೆ ಒಂದು ಲೆಕ್ಕ, ಯುಪಿಎಸ್ ಬ್ಯಾಟರಿಗೆ ಇನ್ನೊಂದು

ಹೊಸ ಫೋನ್ ಮನೆಗೆ ಬಂದ ಕೂಡಲೇ ‘ಮೊದಲು ಎಂಟು ಗಂಟೆ ಚಾರ್ಜಿಗಿಡು, ಆಮೇಲೆ ಮುಟ್ಟು’ ಎನ್ನುವವರು ಈಗಲೂ ಇದ್ದಾರೆ. ಅವರೇನೂ ಸುಮ್ನೆ ಹೇಳುತ್ತಿಲ್ಲ. ನಿಕಲ್ ಬ್ಯಾಟರಿಗಳ ಕಾಲದಲ್ಲಿ ಆ ಮಾತಿಗೆ ಅರ್ಥವಿತ್ತು. ಅದರಲ್ಲೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಯನ್ನು ಪ್ರತಿಸಲ ಅರ್ಧ ಇಳಿಸಿ ಚಾರ್ಜ್ ಮಾಡಿದರೆ ಮುಂದೆ ಅದು ಅರ್ಧಕ್ಕೇ ಖಾಲಿಯಾದಂತೆ ನಿಲ್ಲುವ ಕಾಟವಿತ್ತು. ಅದಕ್ಕೇ ಪೂರ್ತಿ ಇಳಿಸಿ ಪೂರ್ತಿ ಏರಿಸುವ ರೂಢಿ. ಸೋನಿ ಕಂಪನಿ 1991ರಲ್ಲಿ ಲೀಥಿಯಂ-ಅಯಾನ್ ಬ್ಯಾಟರಿಯನ್ನು ಮಾರುಕಟ್ಟೆಗೆ ತಂದಿತು, ಈಗ ನಮ್ಮ ಜೇಬಿನಲ್ಲಿರುವುದೆಲ್ಲ ಅದೇ, ಆದರೂ ಹಳೇ ರೂಢಿ ಬಿಟ್ಟಿಲ್ಲ.

ಆದ್ದರಿಂದ ಮೊದಲ ಕೆಲಸ, ನಿಮ್ಮ ಮುಂದಿರುವುದು ಯಾವ ಬ್ಯಾಟರಿ ಅಂತ ನೋಡಿಕೊಳ್ಳುವುದು. ಫೋನ್, ಲ್ಯಾಪ್‌ಟಾಪ್, ಇಯರ್‌ಬಡ್, ಪವರ್ ಬ್ಯಾಂಕ್ ಎಲ್ಲವೂ ಲೀಥಿಯಂ. ರೀಚಾರ್ಜ್ ಮಾಡುವ ಪೆನ್ಸಿಲ್ ಸೆಲ್, ಹಳೇ ಟ್ರಿಮ್ಮರ್ ಹೆಚ್ಚಾಗಿ ನಿಕಲ್. ಮನೆಯ ಮೂಲೆಯಲ್ಲಿ ಯುಪಿಎಸ್ ಜೊತೆ ಕೂತಿರುವ ಭಾರದ ಡಬ್ಬ ಸಾಮಾನ್ಯವಾಗಿ ಲೆಡ್ ಆಸಿಡ್. ಗೊತ್ತಾಗದಿದ್ದರೆ ಮೈಮೇಲೆ ಬರೆದಿರುತ್ತದೆ, ಓದಿ.

ಈಗ ಫೋನ್. ಅದನ್ನು ಸೊನ್ನೆಗೆ ಇಳಿಸುವ ಅಗತ್ಯವೇ ಇಲ್ಲ, ಪದೇ ಪದೇ ಇಳಿಸಿದರೆ ಬ್ಯಾಟರಿಗೆ ಕೆಡುಕು. 20 ಮತ್ತು 80ರ ನಡುವೆ ಓಡಾಡಿಸಿದರೆ ಅದಕ್ಕೆ ಹಿತ. ‘ಹತ್ತು ಸಲ ಚಾರ್ಜರ್ ಚುಚ್ಚಿದರೆ ಹತ್ತು ಸೈಕಲ್ ಹೋಯಿತು’ ಅನ್ನುವುದೂ ತಪ್ಪು. ಸೈಕಲ್ ಅಂದರೆ ಒಟ್ಟು 100% ಚಾರ್ಜ್ ಖರ್ಚಾಗುವುದು. ಇವತ್ತು 50%, ನಾಳೆ 50% ಖರ್ಚಾದರೆ ಎರಡೂ ಸೇರಿ ಒಂದು ಸೈಕಲ್, ಅಷ್ಟೇ. 20% ತೋರಿಸುತ್ತಿರುವಾಗಲೇ ಫೋನ್ ಆಫ್ ಆಗುತ್ತಿದ್ದರೆ ಮಾತ್ರ ಒಮ್ಮೆ ಪೂರ್ತಿ ಇಳಿಸಿ ಪೂರ್ತಿ ತುಂಬಿಸಿ ನೋಡಬಹುದು; ಅದರಿಂದ ಸರಿಹೋಗುವುದು ಪರ್ಸೆಂಟ್ ತೋರಿಸುವ ಲೆಕ್ಕ, ಬ್ಯಾಟರಿ ಅಲ್ಲ.

ರಾತ್ರಿಯಿಡೀ ಚಾರ್ಜಿಗಿಟ್ಟರೆ? ಸಿಡಿಯುವುದಿಲ್ಲ. ಸೆಲ್ಲು ಸುಮಾರು 4.2 ವೋಲ್ಟ್ ಮುಟ್ಟಿ ತುಂಬಿದ ಮೇಲೆ ಫೋನೇ ಕರೆಂಟ್ ನಿಲ್ಲಿಸುತ್ತದೆ. ಆದರೆ ತುಂಬಿಕೊಂಡೇ ಗಂಟೆಗಟ್ಟಲೆ ಇರುವುದು, ಅದೂ ಬಿಸಿಯಲ್ಲಿ, ಬ್ಯಾಟರಿಯನ್ನು ಬೇಗ ಮುದಿಯಾಗಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಬ್ಯಾಟರಿ ವಿಭಾಗಕ್ಕೆ ಹೋಗಿ ನೋಡಿ, ಈಚಿನ ಹಲವು ಫೋನ್‌ಗಳಲ್ಲಿ 80%ಗೆ ನಿಲ್ಲಿಸುವ ಆಯ್ಕೆ ಇದೆ. ಅದನ್ನು ಆನ್ ಮಾಡಿ ನಿಶ್ಚಿಂತೆಯಿಂದ ಮಲಗಿ, ದಿಂಬಿನ ಕೆಳಗೆ ಮಾತ್ರ ಇಡಬೇಡಿ.

ನಿಜವಾದ ಶತ್ರು ಬಿಸಿ. ಜನ ಚಾರ್ಜರ್ ಬಗ್ಗೆ ತಲೆಕೆಡಿಸಿಕೊಳ್ಳುವಷ್ಟು ಬಿಸಿಲಿನ ಬಗ್ಗೆ ತಲೆಕೆಡಿಸಿಕೊಳ್ಳುವುದಿಲ್ಲ, ನನಗೆ ಇದೇ ವಿಚಿತ್ರ ಅನಿಸುವುದು. ಐಫೋನನ್ನು 0ರಿಂದ 35 ಡಿಗ್ರಿಯೊಳಗೆ ಬಳಸಿ ಅಂತ ಆಪಲ್ ಹೇಳುತ್ತದೆ. ಕಲಬುರಗಿ, ರಾಯಚೂರಿನ ಬೇಸಿಗೆ ನೆರಳಲ್ಲೇ 40 ದಾಟುತ್ತದೆ, ಇನ್ನು ಬಿಸಿಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಟ್ಟುಹೋದ ಫೋನಿನ ಗತಿ ಹೇಳಬೇಕಿಲ್ಲ ಅಲ್ವಾ? ಚಾರ್ಜ್ ಮಾಡುವಾಗ ಫೋನ್ ತುಂಬಾ ಬಿಸಿಯಾದರೆ ಕವರ್ ಬಿಚ್ಚಿ, ಗೇಮ್ ನಿಲ್ಲಿಸಿ. ವೈರ್‌ಲೆಸ್ ಚಾರ್ಜರ್‌ನಲ್ಲಿ ಬಿಸಿ ಇನ್ನೂ ಜಾಸ್ತಿ. ಹಾಗಂತ ಫ್ರಿಜ್ಜಿನಲ್ಲಿ ಇಡುವುದು ಬೇಡ, ಒಳಗೆ ತೇವ ಕಟ್ಟುತ್ತದೆ.

ಜಾಸ್ತಿ ವ್ಯಾಟ್‌ನ ಚಾರ್ಜರ್ ಹಾಕಿದರೆ ಫೋನ್ ಸುಟ್ಟುಹೋಗುತ್ತದೆ ಎಂಬ ಭಯ ಬೇಡ. ಫೋನ್ ಎಷ್ಟು ಕೇಳುತ್ತದೋ ಅಷ್ಟನ್ನೇ ಒಳ್ಳೆಯ ಚಾರ್ಜರ್ ಕೊಡುವುದು. ಹೆದರಬೇಕಾದ್ದು ಹೆಸರು, ಗುರುತು ಏನೂ ಇಲ್ಲದ ಅಗ್ಗದ ಚಾರ್ಜರಿಗೆ. ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು ಮತ್ತು ‘ಆರ್’ನಿಂದ ಶುರುವಾಗುವ ನೋಂದಣಿ ಸಂಖ್ಯೆ ಇದೆಯೇ ನೋಡಿ ಕೊಳ್ಳಿ. ತಿಂಗಳುಗಟ್ಟಲೆ ಬಳಸದ ಹಳೇ ಫೋನ್ ಇದ್ದರೆ ಅರ್ಧ ಚಾರ್ಜ್ ಮಾಡಿ, ಆಫ್ ಮಾಡಿ, ತಣ್ಣಗಿರುವ ಕಡೆ ಇಡಿ.

ಯುಪಿಎಸ್‌ಗೆ ಬಂದರೆ 80%ಗೆ ನಿಲ್ಲಿಸುವ ಮಾತು ತಿರುಗುಮುರುಗು. ಲೆಡ್ ಆಸಿಡ್ ಬ್ಯಾಟರಿ ಸದಾ ತುಂಬಿರಬೇಕು. ಖಾಲಿಯಾಗಿ ಹಾಗೇ ಬಿಟ್ಟರೆ ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಮೊದಲಿನಷ್ಟು ಹೊತ್ತು ಬರುವುದಿಲ್ಲ. ರಜೆಗೆ ಊರಿಗೆ ಹೋಗುವಾಗ ಮೇನ್ ಸ್ವಿಚ್ ಆರಿಸಿ ಹೋಗುವವರು ಇದನ್ನು ಗಮನಿಸಿ. ಫ್ಯಾನ್, ಲೈಟ್ ಯುಪಿಎಸ್ ಮೇಲೆ ಓಡುತ್ತಾ ಬ್ಯಾಟರಿ ಇಳಿದುಹೋಗಿದ್ದರೆ ಮೊದಲು ಚಾರ್ಜ್ ಮಾಡಿ, ಆಮೇಲೆ ಹೊರಡಿ. ನೀರಿನ ಮಟ್ಟ ತೋರಿಸುವ ಗುರುತು ಇಳಿದಿದ್ದರೆ ಡಿಸ್ಟಿಲ್ಡ್ ವಾಟರ್ ಮಾತ್ರ ಹಾಕಿ, ಮೇಲಿನ ಗುರುತು ದಾಟಿಸಬೇಡಿ. ಬೋರ್‌ವೆಲ್ ನೀರು, ಕುಡಿಯುವ ಬಾಟಲಿ ನೀರು ಎರಡೂ ಬೇಡ, ಅದರಲ್ಲಿರುವ ಲವಣವೇ ಬ್ಯಾಟರಿಯನ್ನು ಕೊಲ್ಲುತ್ತದೆ. ಚಾರ್ಜ್ ಆಗುವಾಗ ಹೈಡ್ರೋಜನ್ ಅನಿಲ ಬರುವುದರಿಂದ ಗಾಳಿಯಾಡುವ ಜಾಗದಲ್ಲಿಡಿ. ದೇವರ ದೀಪದ ಪಕ್ಕದಲ್ಲಂತೂ ಬೇಡವೇ ಬೇಡ.

ಫೋನಿನ ಹಿಂಬದಿ ಉಬ್ಬಿ ಮೇಲೆದ್ದಿದ್ದರೆ ಚಾರ್ಜ್ ಮಾಡುವುದನ್ನು ತಕ್ಷಣ ನಿಲ್ಲಿಸಿ. ಒತ್ತಬೇಡಿ, ಚುಚ್ಚಬೇಡಿ, ಕಸದ ಗಾಡಿಗೂ ಹಾಕಬೇಡಿ, ಅಲ್ಲಿ ಜಜ್ಜಿಹೋದರೆ ಬೆಂಕಿ ಹತ್ತಬಹುದು. ಸರ್ವಿಸ್ ಸೆಂಟರ್‌ಗೆ ಅಥವಾ ಇ-ತ್ಯಾಜ್ಯ ತೆಗೆದುಕೊಳ್ಳುವವರಿಗೆ ಕೊಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೇ ಬ್ಯಾಟರಿ ವಾಪಸ್ ಸಂಗ್ರಹಿಸುವ ಹೊಣೆ ತಯಾರಕರದ್ದು, ಹಾಗಾಗಿ ಅಂಗಡಿಯಲ್ಲಿ ಕೇಳಲು ಸಂಕೋಚ ಬೇಡ.